ಹುಬ್ಬಳ್ಳಿಯ ಹುಲಿಗಳಿಗೆ ಪಟವಿಲ್ಲ

ದೀಪಾವಳಿಯ ಸೂಟಿಯಲ್ಲಿ ಅಣ್ಣಿಗೇರಿಗೆ ತಂಗಿಯ ಮನೆಗೆ ಹೋಗಿದ್ದೆ. ಪಾಡ್ಯದ ಮಧ್ಯಾಹ್ನ ಊಟವಾಗಿ ಹಿರಿಯರೆಲ್ಲ ಅಡ್ಡಾದ ಹೊತ್ತಿಗೆ ಅವಳ ಮೊಮ್ಮಗ, ಹನ್ನೊಂದು ವರ್ಷದವ, ಒಂದು ಬಿಸ್ಕೀಟಿನ ತಗಡಿನ ಡಬ್ಬಿಯನ್ನು ಹೊತ್ತು ತಂದು ನನ್ನ ಮುಂದೆ ಜಮಖಾನೆಯ ಮೇಲೆ ಸುರಿದ. ಎಲ್ಲ ಕ್ರಿಕೆಟ್ ಆಟಗಾರರ ಕಾರ್ಡುಗಳು. ಇಬ್ಬರೂ ಕೂಡಿ ಎಣಿಸಿದೆವು, 146 ಆದವು. ಮುಂಬಯಿಯವರು, ಚೆನ್ನೈಯವರು, ಕೊಲಕತ್ತೆಯವರು, ದಿಲ್ಲಿಯವರು, ನಮ್ಮ ಬೆಂಗಳೂರಿನವರು, ಎಲ್ಲರೂ ಇದ್ದರು. ಒಬ್ಬ ಮಹಾಶಯ ಮಾತ್ರ ಒಂಬತ್ತು ಸಲ ಇದ್ದ. ಕೈಯಲ್ಲಿ ಬ್ಯಾಟು ಹಿಡಿದು ಒಂಬತ್ತು ಸಲವೂ ಒಂದೇ ರೀತಿಯಾಗಿ ನಗುತ್ತಿದ್ದ.

“ಇವನ್ನ ಯಾರೂ ತೊಗೊಳ್ಳಾಕ ಒಲ್ರು ಅಜ್ಜಾ. ಎಲ್ಲಾರ ಹಂತೇಲೂ ಅದಾನ,” ಎಂದ ಹುಡುಗ.

“ಅಲ್ಲೋ ತಮ್ಮಾ, ಇದರಾಗ ಹುಬ್ಬಳ್ಳಿ ಟೀಮಿನವರು ಯಾರರ ಅದಾರೇನು?” ಎಂದು ಕೇಳಿದೆ.

ಅವನು ತಲೆ ಎತ್ತಿ ನನ್ನ ಮೋರೆ ನೋಡಿದ. “ಹುಬ್ಬಳ್ಳಿಗೂ ಟೀಮ್ ಐತೇನು?”

ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ತಾಸಿನೊಳಗಿನ ದಾರಿ. ಈ ಹುಡುಗನ ಅಪ್ಪ ನಿತ್ಯ ಆ ದಾರಿಯಲ್ಲಿ ನೌಕರಿಗೆ ಹೋಗಿ ಬರುತ್ತಾನೆ. ಹುಡುಗನಿಗೆ ಕೊಲಕತ್ತೆಯ ತಂಡದ ಹನ್ನೆರಡನೆಯ ಆಳಿನ ಹೆಸರು ಗೊತ್ತು. ಹುಬ್ಬಳ್ಳಿಗೆ ತಂಡವುಂಟೆಂಬುದೇ ಗೊತ್ತಿಲ್ಲ. ನನಗೆ ಸಿಟ್ಟು ಬಂತು. ಹುಡುಗನ ಮೇಲೆ ಬರುವಂಥದಲ್ಲ ಅದು. ಯಾರ ಮೇಲೆ ಬಂದಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಗೊತ್ತಿಲ್ಲದವರಿಗಾಗಿ ಮೊದಲು ನಾಲ್ಕು ಮಾತು. ಹುಬ್ಬಳ್ಳಿ ಟೈಗರ್ಸ್ ಎಂಬ ತಂಡವುಂಟು. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಆಡುತ್ತಿದ್ದ ಈ ತಂಡ 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ಬಳ್ಳಾರಿಯ ತಂಡವನ್ನು 8 ರನ್ನುಗಳಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಆ ಲೀಗು ನಿಂತುಹೋಯಿತು. 2022ರಲ್ಲಿ ಆರು ತಂಡಗಳ ಮಹಾರಾಜಾ ಟ್ರೋಫಿ ಶುರುವಾಯಿತು. ಅದರ ಮರುವರ್ಷವೇ, 2023ರ ಆಗಸ್ಟ್ 29ರಂದು, ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಹುಬ್ಬಳ್ಳಿಯವರು 203 ರನ್ನು ಹೊಡೆದು, ಮೈಸೂರಿನವರನ್ನು 195ಕ್ಕೆ ನಿಲ್ಲಿಸಿ ಮತ್ತೆ ಗೆದ್ದರು. ಎರಡು ಸಲವೂ ಎಂಟೇ ರನ್ನಿನ ಅಂತರ! 2025ರಲ್ಲಿಯೂ ಅಂತಿಮ ಪಂದ್ಯದ ವರೆಗೆ ಹೋಗಿ ಮಂಗಳೂರಿನವರಿಗೆ ಸೋತರು. ಇಷ್ಟು ಮಾಡಿದ ತಂಡದ ಹೆಸರು ಒಂದು ತಾಸಿನ ಹಾದಿಯಾಚೆಯ ಹುಡುಗನ ಕಿವಿಗೆ ಬಿದ್ದಿಲ್ಲವೆಂದರೆ ತಪ್ಪು ಕಿವಿಯದೋ, ಹೇಳುವ ಬಾಯಿಯದೋ?

ಹಬ್ಬ ಮುಗಿದ ಮೇಲೆ ನಾನೇ ಹುಡುಕಹೊರಟೆ. ಅಣ್ಣಿಗೇರಿಯಲ್ಲಿ ಬಸ್ ನಿಲ್ದಾಣದ ಎದುರಿನ ಅಂಗಡಿ, ನವಲಗುಂದದಲ್ಲಿ ಸಾಲೆಯ ಮಗ್ಗುಲಿನ ಅಂಗಡಿ, ಕುಂದಗೋಳದಲ್ಲಿ ಒಂದು, ಹುಬ್ಬಳ್ಳಿಯ ಪೇಟೆಯಲ್ಲಿ ಆರೋ ಏಳೋ. ಎಲ್ಲ ಕಡೆಯಲ್ಲೂ ಮಿರಮಿರನೆ ಮಿಂಚುವ ಪಾಕೀಟುಗಳ ಸರ ಮೊಳೆಗೆ ಜೋತುಬಿದ್ದಿತ್ತು. ಎಲ್ಲ ಕಡೆಯಲ್ಲೂ ನಾನು ಹುಬ್ಬಳ್ಳಿಯ ತಂಡದ್ದನ್ನು ಕೇಳಿದೆ. ಒಬ್ಬ ಅಂಗಡಿಕಾರ ಕನ್ನಡಕವನ್ನು ಹಣೆಗೇರಿಸಿ, “ಅದು ಯಾವ ಕಂಪನಿ ಮಾಲ್ರೀ ಸರ?” ಎಂದು ಕೇಳಿದ. ಇನ್ನೊಬ್ಬ ಹಿರಿಯ, ಪಾಪ, ನನಗೆ ಹುಲಿಯ ಚಿತ್ರದ ಕಡ್ಡಿಪೆಟ್ಟಿಗೆ ಬೇಕಾಗಿದೆಯೆಂದು ತಿಳಿದು ಒಳಗೆ ಹೋಗಿ ಹುಡುಕಿಕೊಂಡೂ ಬಂದ.

ಇದನ್ನೆಲ್ಲ ನನ್ನ ಗೆಳೆಯರಿಗೆ ಹೇಳಿದಾಗ ಅವರು ನಕ್ಕರು. ಅವರು ಓದಿದವರು, ಧಾರವಾಡದಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. “ಹುಡುಗರು ಪುಸ್ತಕ ಕೂಡಿಹಾಕಲಿ, ಅಂಚೆಚೀಟಿ ಕೂಡಿಹಾಕಲಿ. ಈ ರಟ್ಟಿನ ತುಂಡುಗಳ ಹುಚ್ಚು ಯಾಕೆ? ಇದ್ದ ಹುಚ್ಚೇ ಸಾಲದೆ, ನೀವು ಇನ್ನೊಂದನ್ನು ಹಚ್ಚಹೊರಟಿದ್ದೀರಿ!” ಎಂದರು. ನಮ್ಮ ಪೇಟೆಯ ಅನೇಕ ಸುಶಿಕ್ಷಿತರ ಅಭಿಪ್ರಾಯ ಇದೇ ಎಂಬುದನ್ನು ಬಲ್ಲೆ. ಆದ್ದರಿಂದ ಇದಕ್ಕೆ ಉತ್ತರ ಕೊಡುವುದು ಅವಶ್ಯ.

ನಾವು ಹುಡುಗರಾಗಿದ್ದಾಗ ಏನು ಕೂಡಿಹಾಕಿದೆವೆಂಬುದನ್ನು ಗೆಳೆಯರು ಮರೆತಂತೆ ಕಾಣುತ್ತದೆ. ರೈಲು ನಿಲ್ದಾಣದ ಕಲ್ಲುಗಳ ನಡುವೆ ಬಿದ್ದ ಸಿಗರೇಟಿನ ಪಾಕೀಟು, ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರ, ಸೋಡಾ ಬಾಟಲಿಯ ಬಿಲ್ಲೆ. ಮುಂದಿನ ತಲೆಯವರು ಬಬಲ್ ಗಮ್ಮಿನ ಸುತ್ತು ಬಿಚ್ಚಿ ಅದರೊಳಗಿನ ಕ್ರಿಕೆಟ್ ಚಿತ್ರಕ್ಕಾಗಿ ಹಲ್ಲು ಹಾಳುಮಾಡಿಕೊಂಡರು. ಕೂಡಿಹಾಕುವ ಹುಚ್ಚು ಮಕ್ಕಳಿಗೆ ಹುಟ್ಟಿನಿಂದ ಬಂದದ್ದು. ಅದನ್ನು ಯಾರೂ ಹಚ್ಚಬೇಕಾಗಿಲ್ಲ, ಬಿಡಿಸಲಿಕ್ಕೂ ಬರುವುದಿಲ್ಲ. ಪ್ರಶ್ನೆ ಇರುವುದು ಡಬ್ಬಿಯೊಳಗೆ ಏನು ಬೀಳುತ್ತದೆ, ಅದರಿಂದ ಯಾರ ಕಿಸೆ ತುಂಬುತ್ತದೆ ಎಂಬುದರಲ್ಲಿ.

ಕಿಸೆಯ ಮಾತು ಬಂದದ್ದರಿಂದ ಸ್ವಲ್ಪ ಲೆಕ್ಕ ನೋಡೋಣ. ಈ ವ್ಯಾಪಾರದ ಗುಟ್ಟು ಮುಚ್ಚಿದ ಪಾಕೀಟು. ಒಳಗೆ ಯಾರಿದ್ದಾರೆಂಬುದು ಹರಿದ ಮೇಲೆಯೇ ಗೊತ್ತು. ಒಂದು ತಂಡದಲ್ಲಿ 25 ಜನರಿದ್ದಾರೆ, ಪಾಕೀಟಿಗೆ ಒಂದೇ ಕಾರ್ಡು, ಎಲ್ಲವೂ ಸಮನಾಗಿ ಬೆರೆತಿವೆ ಎಂದು ಇಟ್ಟುಕೊಳ್ಳಿರಿ. 25 ಜನರ ಸೆಟ್ಟು ಪೂರ್ತಿಯಾಗಬೇಕಾದರೆ ಹುಡುಗ ಸರಾಸರಿ ಎಷ್ಟು ಪಾಕೀಟು ಕೊಳ್ಳಬೇಕು? 25 ಅಲ್ಲ, 50 ಅಲ್ಲ, ಸುಮಾರು 95. ಕೊನೆಯ ಒಂದೇ ಒಂದು ಕಾರ್ಡಿಗಾಗಿ ಸರಾಸರಿ 25 ಪಾಕೀಟು ಹರಿಯಬೇಕು. ನೂರು ಜನರ ಸೆಟ್ಟಾದರೆ ಲೆಕ್ಕ 519ಕ್ಕೆ ಏರುತ್ತದೆ. ಪಾಕೀಟಿಗೆ ಐದು ರೂಪಾಯಿ ಹಿಡಿದರೂ 125 ರೂಪಾಯಿಯಲ್ಲಿ ಮುಗಿಯಬೇಕಾದ 25 ಜನರ ಸೆಟ್ಟಿಗೆ 475 ರೂಪಾಯಿ ತೆರಬೇಕು. ಅದೂ ಎಲ್ಲ ಕಾರ್ಡುಗಳನ್ನು ಸಮನಾಗಿ ಅಚ್ಚುಹಾಕಿದರೆ. ಕೆಲವನ್ನು ಬೇಕೆಂದೇ ಕಡಿಮೆ ಅಚ್ಚುಹಾಕಿ ಅವಕ್ಕೆ ಹೊಳಪು ಬಳಿಯುವ ಪದ್ಧತಿ ಈ ಧಂದೆಯಲ್ಲಿ ಹಳೆಯದು. ಟಾಪ್ಸ್ ಎಂಬ ಅಮೆರಿಕೆಯ ಕಂಪನಿ ಐಪಿಎಲ್ ಆಟಗಾರರ ‘ಕ್ರಿಕೆಟ್ ಅಟ್ಯಾಕ್ಸ್’ ಕಾರ್ಡುಗಳನ್ನು ನಮ್ಮ ದೇಶಕ್ಕೆ ತಂದಾಗ ಬಂಗಾರದ ಬಣ್ಣದವು, ಬೆಳ್ಳಿಯ ಬಣ್ಣದವು ಎಂಬ ಜಾತಿಗಳೂ ಜೊತೆಗೇ ಬಂದವು. ಜಾತ್ರೆಯಲ್ಲಿ ಗುಡುಗುಡಿ ಆಡಿಸುವವನನ್ನು ಪೋಲೀಸರು ಓಡಿಸುತ್ತಾರೆ. ಸಾಲೆಯ ಮಗ್ಗುಲಿನ ಅಂಗಡಿಯಲ್ಲಿ ಮೊಳೆಗೆ ತೂಗುಹಾಕಿದ ಈ ಗುಡುಗುಡಿಯನ್ನು ಯಾರೂ ಕೇಳುವುದಿಲ್ಲ.

ಹೀಗಿದ್ದರೆ ಈ ಹವ್ಯಾಸವೇ ಕೆಟ್ಟದ್ದೆಂದು ಗೆಳೆಯರು ಹಿಗ್ಗಬಹುದು. ಅವಸರ ಬೇಡ. ಕಾರ್ಡಿನ ಹುಚ್ಚು ಹುಟ್ಟಿ ಬೆಳೆದದ್ದು ಅಮೆರಿಕೆಯಲ್ಲಿ, ಬೇಸ್‌ಬಾಲ್ ಆಟದ ಸುತ್ತ. ಆ ದೇಶದಲ್ಲಿಯೇ ಈ ಹುಚ್ಚಿನ ಇನ್ನೊಂದು ಮುಖವೂ ಉಂಟು.

ಅಲ್ಲಿ ದೊಡ್ಡ ಲೀಗಿನ ಕೆಳಗೆ ಕಿರಿಯ ಲೀಗುಗಳಿವೆ. 2021ರಲ್ಲಿ ಅವನ್ನು ಮತ್ತೆ ಕಟ್ಟಿದಾಗ 120 ತಂಡಗಳನ್ನು ಉಳಿಸಿಕೊಂಡರು. ನಮ್ಮ ಗದಗು, ಹಾವೇರಿಯಂಥ ಊರುಗಳ ತಂಡಗಳೆನ್ನಿರಿ. ಅವುಗಳಲ್ಲಿ ಆಡುವ ಹುಡುಗರಲ್ಲಿ ಬಹುಜನ ಎಂದೂ ದೊಡ್ಡ ಲೀಗಿನ ಹೊಸ್ತಿಲು ತುಳಿಯುವುದಿಲ್ಲ. ಆದಾಗ್ಯೂ ಇಂಥ ತಂಡಗಳು ವರ್ಷಕ್ಕೊಂದು ಕಾರ್ಡಿನ ಸೆಟ್ಟು ಹೊರಡಿಸುವ ರೂಢಿ ದಶಕಗಳಿಂದ ನಡೆದುಬಂದಿದೆ. ಸಾಮಾನ್ಯವಾಗಿ 25ರಿಂದ 30 ಕಾರ್ಡು. ಮುಖ್ಯ ಮಾತೆಂದರೆ, ಇವು ಇಡಿಯ ಸೆಟ್ಟಾಗಿಯೇ ಮಾರಾಟವಾಗುತ್ತವೆ. ಮೈದಾನದ ಬಾಗಿಲಲ್ಲಿ ಒಂದೇ ಕಟ್ಟು ಕೊಂಡರೆ ತಂಡದವರೆಲ್ಲ ಕೈಗೆ ಬಂದರು. ತರಬೇತಿ ಕೊಡುವವನೂ ಅದರಲ್ಲಿದ್ದಾನೆ, ಮೈಕೈ ನೋವಿಗೆ ಔಷಧ ಹಚ್ಚುವವನೂ ಇದ್ದಾನೆ. ಬಟ್ಟೆಯ ಕರಡಿಯನ್ನೋ ಕೋಳಿಯನ್ನೋ ಹೊದ್ದು ಮಕ್ಕಳನ್ನು ನಗಿಸುವವನಿಗೂ ಒಂದು ಕಾರ್ಡು. ಮುಚ್ಚುಮರೆಯಿಲ್ಲ, ಜೂಜಿಲ್ಲ.

ಇನ್ನೊಂದು ಉದಾಹರಣೆಯನ್ನು ಪತ್ರಿಕೆಯವರು ಕಿವಿಗೊಟ್ಟು ಕೇಳಬೇಕು. 1914ರಲ್ಲಿ ಬಾಲ್ಟಿಮೋರ್ ಎಂಬ ಊರಿನಲ್ಲಿ ಕಿರಿಯ ಲೀಗಿನ ಒಂದು ತಂಡವಿತ್ತು. ಆ ಊರಿನ ‘ಬಾಲ್ಟಿಮೋರ್ ನ್ಯೂಸ್’ ಎಂಬ ವರ್ತಮಾನಪತ್ರ ತಂಡದ ಆಟಗಾರರ ಚಿತ್ರಗಳನ್ನು ರಟ್ಟಿನ ಮೇಲೆ ಅಚ್ಚುಹಾಕಿ, ಹಿಂಬದಿಗೆ ಆ ವರ್ಷದ ಪಂದ್ಯಗಳ ಪಟ್ಟಿ ಹಾಕಿ ಹಂಚಿತು. ಪಂದ್ಯ ಮುಗಿದ ಮೇಲೆ ಜನ ಅವನ್ನು ಎಸೆದರು. ಆ ಆಟಗಾರರಲ್ಲಿ ಒಬ್ಬ 19 ವರ್ಷದ ಹುಡುಗ, ಅದೇ ಊರಿನವ, ಶಿಸ್ತಿನ ಶಾಲೆಯೊಂದರಲ್ಲಿ ಬೆಳೆದವ. ಅವನ ಹೆಸರು ಬೇಬ್ ರೂತ್. ಜುಲೈ ತಿಂಗಳಲ್ಲಿ ಅವನನ್ನು ಬಾಸ್ಟನ್ನಿನವರು ಕೊಂಡೊಯ್ದರು. ಮುಂದೆ ಅವನು ಅಮೆರಿಕೆಯ ಮನೆಮಾತಾದ. ಆ ಪತ್ರಿಕೆಯ ಕಾರ್ಡುಗಳಲ್ಲಿ ಇಂದು ಉಳಿದಿರುವುದು ಬೆರಳಲ್ಲಿ ಎಣಿಸುವಷ್ಟು. 2023ರಲ್ಲಿ ಅವುಗಳಲ್ಲೊಂದು ಹರಾಜಿನಲ್ಲಿ 72 ಲಕ್ಷ ಡಾಲರಿಗೆ ಹೋಯಿತು.

ಡಾಲರಿನ ಮಾತು ಎತ್ತಿದ್ದಕ್ಕೆ ನನಗೇ ಸ್ವಲ್ಪ ನಾಚಿಕೆ. ಹಣದಾಸೆ ತೋರಿಸಿ ಹುಡುಗರಿಂದ ಕಾರ್ಡು ಕೂಡಿಹಾಕಿಸುವುದು ಮುಚ್ಚಿದ ಪಾಕೀಟಿನ ಜೂಜಿನಷ್ಟೇ ಕೆಟ್ಟದ್ದು. ಆ ಕಾರ್ಡಿಗೆ ಆ ಬೆಲೆ ಯಾಕೆ ಬಂತೆಂಬುದನ್ನು ಮಾತ್ರ ಗಮನಿಸಿರಿ. ಊರ ಪತ್ರಿಕೆ ಊರ ಹುಡುಗನನ್ನು, ಅವನು ಯಾರೂ ಆಗಿರದಾಗ, ಅಚ್ಚುಹಾಕಿತು, ಊರವರು ಇಟ್ಟುಕೊಳ್ಳಲಿಲ್ಲ. ಎಲ್ಲರೂ ಇಟ್ಟುಕೊಂಡಿದ್ದರೆ ಅದರ ಬೆಲೆ ನಾಲ್ಕಾಣೆ ಇರುತ್ತಿತ್ತು, ಊರಿನ ಮನೆಮನೆಯ ಪೆಟ್ಟಿಗೆಯಲ್ಲಿ ಆ ಹುಡುಗ ಇರುತ್ತಿದ್ದ. ನನಗೆ ಬೇಕಾದದ್ದು ಆ ನಾಲ್ಕಾಣೆಯ ಸ್ಥಿತಿ.

ನಮ್ಮ ದಾರಿಗೆ ಬರೋಣ. ಹುಬ್ಬಳ್ಳಿ–ಗದಗಿನ ರೈಲು ಅಣ್ಣಿಗೇರಿಯ ಮೇಲೆ ಹಾಯುತ್ತದೆ. 1980ರ ದಶಕದಲ್ಲಿ ಗದಗಿನ ಒಬ್ಬ ಹುಡುಗ ಬೆಳಕು ಹರಿಯುವ ಮೊದಲು ಎದ್ದು, ಹುಬ್ಬಳ್ಳಿಗೆ ಬಂದು ಬೌಲಿಂಗ್ ಕಲಿತು, ಸಾಲೆಯ ಹೊತ್ತಿಗೆ ತಿರುಗಿ ಗದಗಿಗೆ ಹೋಗುತ್ತಿದ್ದ. ಅವನೇ ಸುನೀಲ ಜೋಶಿ. 1996ರಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದ. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರು ಹಾಕಿ, 6 ಓವರಿನಲ್ಲಿ ಒಂದೂ ರನ್ನು ಕೊಡದೆ, ಒಟ್ಟು 6 ರನ್ನಿಗೆ 5 ವಿಕೆಟ್ ಕಿತ್ತ. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷನಾದ. ನೈರೋಬಿಯ ಚಿತ್ರ ಯಾರಿಗೆ ಬೇಕಾದರೂ ಸಿಗುತ್ತದೆ. ಬೆಳಗಿನ ರೈಲಿನಲ್ಲಿ ಕಿಟಿಕಿಗೆ ತಲೆಯಾನಿಸಿ ತೂಕಡಿಸುತ್ತ ಅಣ್ಣಿಗೇರಿ ದಾಟುತ್ತಿದ್ದ ಹುಡುಗನ ಚಿತ್ರ ಯಾರ ಹತ್ತಿರ ಇದೆ? ನನ್ನ ತಂಗಿಯ ಮೊಮ್ಮಗನಿಗೆ ಬೇಕಾದದ್ದು ಈ ಎರಡನೆಯ ಚಿತ್ರ. ನೈರೋಬಿ ಅವನಿಗೆ ದೂರ. ಆ ರೈಲು ಅವನ ಮನೆಯ ಅಂಗಳಕ್ಕೆ ಕೇಳುತ್ತದೆ.

ಚಿಕ್ಕದನ್ನು ಚಿಕ್ಕದಾಗಿದ್ದಾಗಲೇ ಕೂಡಿಡುವವರಿಂದ ಏನು ಉಳಿಯುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಕುಂದಗೋಳಕ್ಕೆ ಹೋದರೆ ಸಾಕು. ಸವಾಯಿ ಗಂಧರ್ವರಲ್ಲಿ ಕಲಿಯುವುದಕ್ಕಾಗಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ರೀತಿ ರೈಲು ಹತ್ತಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. 1930ರ ದಶಕದ ಆರಂಭದಲ್ಲಿ ಅವರ ಹಾಡಿಕೆಯ ಗ್ರಾಮೋಫೋನ್ ಪ್ಲೇಟುಗಳು ಹೊರಬಂದಾಗ ಅವುಗಳ ಮೇಲಿದ್ದ ಹೆಸರು ಗಂಗೂಬಾಯಿ ಎಂದಲ್ಲ, ಗಾಂಧಾರಿ ಎಂದು. ಆ ವಯಸ್ಸಿನಲ್ಲಿ ಅವರ ಕಂಠ ತೆಳುವಾಗಿ ಮೇಲಕ್ಕೇರುತ್ತಿತ್ತೆಂಬುದು ಇಂದು ನಮಗೆ ಗೊತ್ತಿದ್ದರೆ ಅದಕ್ಕೆ ಕಾರಣ ಆ ಪ್ಲೇಟುಗಳನ್ನು ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಜನ. ಅವರನ್ನೂ ಆ ಕಾಲದ ಗಂಭೀರ ಜನ ಹುಚ್ಚರೆಂದೇ ಅಂದಿರಬೇಕು. ನಾಟಕ ಕಂಪನಿಗಳ ವಿಷಯದಲ್ಲಿ ಅಂಥ ಹುಚ್ಚರು ನಮ್ಮಲ್ಲಿ ಸಾಕಷ್ಟು ಇರಲಿಲ್ಲ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನಲ್ಲಿ ಎಷ್ಟು ಬಣ್ಣಬಣ್ಣದ ಕೈಪತ್ರಗಳನ್ನು ಹಂಚಿರಬೇಕು! ಅವುಗಳಲ್ಲಿ ಹೆಚ್ಚಿನವು ಶೇಂಗಾ ಕಟ್ಟಿ ಕೊಡಲಿಕ್ಕೆ ಹೋದವು. ಆದ್ದರಿಂದಲೇ ಇಂದು ಸಣ್ಣ ಪಾತ್ರ ಮಾಡಿದವರ ಹೆಸರು ಬೇಕೆಂದರೆ ವಿದ್ವಾಂಸರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹೀರೋನ ಹೆಸರು ಎಲ್ಲಾದರೂ ಉಳಿಯುತ್ತದೆ. ದ್ವಾರಪಾಲಕನ ಹೆಸರು ಉಳಿಯುವುದು ಕೈಪತ್ರದಲ್ಲಿ ಮಾತ್ರ.

ಈಗ ನಮ್ಮೂರುಗಳಲ್ಲಿ ಕೈಪತ್ರದ ಸ್ಥಾನಕ್ಕೆ ಫ್ಲೆಕ್ಸ್ ಬಂದಿದೆ. ಸುಗ್ಗಿ ಮುಗಿದು ಎರೆಹೊಲ ಬಯಲಾದ ಮೇಲೆ ನವಲಗುಂದ ತಾಲೂಕಿನ ಹಳ್ಳಿಗಳಲ್ಲಿ ಟೆನಿಸ್ ಚೆಂಡಿನ ಪಂದ್ಯ ನಡೆಯುತ್ತವೆ. ಚೆಂಡು ನೆಲದ ಬಿರುಕಿಗೆ ಸೇರಿದರೆ ಎಷ್ಟು ರನ್ನು ಎಂಬ ಬಗ್ಗೆ ಅವರದೇ ಆದ ಕಾನೂನುಗಳಿವೆ. ಅವುಗಳ ಮೇಲೆ ಜಗಳಗಳೂ ಇವೆ. ಗೆದ್ದ ತಂಡದ ಹನ್ನೊಂದು ಹುಡುಗರ ಮೋರೆಗಳು ಅಗಸಿಯ ಬಾಗಿಲಲ್ಲಿ ಹತ್ತು ಫೂಟು ಅಗಲದ ಫ್ಲೆಕ್ಸಿನ ಮೇಲೆ ನಗುತ್ತವೆ, ಊರ ಪುಢಾರಿಯ ಮೋರೆಗಿಂತ ಸ್ವಲ್ಪ ಸಣ್ಣದಾಗಿ. ಹದಿನೈದು ದಿನ. ಆಮೇಲೆ ಯಾರೋ ಅದನ್ನು ಬಿಚ್ಚಿಕೊಂಡು ಹೋಗಿ ಹೊಟ್ಟಿನ ಬಣವಿಗೆ ಹೊದಿಸುತ್ತಾರೆ. ಇಂಥ ಒಂದು ಬಣವಿಯ ಮೇಲೆ ತಂಡದ ಕಪ್ತಾನ ತಲೆಕೆಳಗಾಗಿ ನಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವನ ಗದ್ದದ ಮೇಲೆ ಕೋಳಿ ಕುಳಿತಿತ್ತು. ಪಟ ತೆಗೆಯುವ ಹುರುಪಿಗೆ ನಮ್ಮಲ್ಲಿ ಬರವಿಲ್ಲ, ಹಣಕ್ಕೂ ಇಲ್ಲ. ಕೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿ ಮಾಡಿ ಡಬ್ಬಿಯಲ್ಲಿಡುವ ಬುದ್ಧಿ ಒಂದಕ್ಕೆ ಬರ.

ಎಲ್ಲ ಫೋನಿನಲ್ಲಿದೆಯಲ್ಲ ಎನ್ನುವವರಿಗೆ ನಾನು ಹೆಚ್ಚು ಹೇಳುವುದಿಲ್ಲ. ತಮ್ಮ ಹಿಂದಿನ ಫೋನಿನೊಳಗಿದ್ದ ಮಗಳ ಲಗ್ನದ ಚಿತ್ರಗಳನ್ನು ಅವರು ಒಮ್ಮೆ ಹುಡುಕಿ ತೋರಿಸಲಿ.

ಬಲವಾದ ಆಕ್ಷೇಪ ಇನ್ನೊಂದಿದೆ. ಅದನ್ನು ಎತ್ತಿದವನು ನನ್ನ ತಂಗಿಯ ಅಳಿಯನೇ. “ಮಾಮಾ, ಅದು ಹುಬ್ಬಳ್ಳಿ ತಂಡ ಅಂತ ಹ್ಯಾಂಗ ಅಂತೀರಿ? ಆಟಗಾರರನ್ನ ಹರಾಜಿನ್ಯಾಗ ತೊಗೋತಾರ. ಆಟ ಬೆಂಗಳೂರಾಗ, ಮೈಸೂರಾಗ. ಹುಬ್ಬಳ್ಳಿದು ಹೆಸರಷ್ಟ ಐತಿ.” ಇದು ನಿಜ. ಹಳೆಯ ಲೀಗಿನ ಕಾಲಕ್ಕೆ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ಪಂದ್ಯಗಳಾದವು; ಬಿಸಿಲಲ್ಲಿ ಟವಲು ಹೊದ್ದು ಕುಳಿತು ನೋಡಿದವರಲ್ಲಿ ನಾನೂ ಒಬ್ಬ. ಆದರೆ ಮಹಾರಾಜಾ ಟ್ರೋಫಿಯ 2022ರಿಂದ 2025ರ ವರೆಗಿನ ಪಂದ್ಯಗಳೆಲ್ಲ ಬೆಂಗಳೂರು, ಮೈಸೂರುಗಳಲ್ಲಿಯೇ ನಡೆದವು. ಹುಬ್ಬಳ್ಳಿಯ ಹೆಸರಿಟ್ಟ ತಂಡ ಪ್ರಶಸ್ತಿ ಗೆದ್ದ ದಿನ ಹುಬ್ಬಳ್ಳಿಯವರು ಅದನ್ನು ಕಂಡದ್ದು ಟೀವಿಯಲ್ಲಿ. ಬೆಂಗಳೂರಿನ ಮಹನೀಯರಿಗೆ ಇದು ವಿಚಿತ್ರವೆಂದು ಕಾಣುವುದಿಲ್ಲ. ಉತ್ತರ ಕರ್ನಾಟಕದ ಹೆಸರು ಉಪಯೋಗಿಸಿ ಕೆಲಸ ತಮ್ಮ ಅಂಗಳದಲ್ಲಿ ಮಾಡುವುದು ಅವರಿಗೆ ಕ್ರಿಕೆಟ್ಟಿನಲ್ಲಿ ಮಾತ್ರ ರೂಢಿಯಾದ ಸಂಗತಿಯಲ್ಲ.

ಆದರೆ ಅಳಿಯಂದಿರ ಈ ಮಾತು ನನ್ನ ವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ. ಕಾರ್ಡಿಗೆ ಎರಡು ಬದಿ. ಮುಂಬದಿಗೆ ಮೋರೆ. ಹಿಂಬದಿಗೆ ಏನು ಅಚ್ಚುಹಾಕುತ್ತಾರೆ? ಹುಟ್ಟಿದ ಊರು, ಕಲಿತ ಸಾಲೆ, ಮೊದಲು ಆಡಿದ ಕ್ಲಬ್ಬು. ಇದನ್ನು ಒಮ್ಮೆ ಅಚ್ಚುಹಾಕಲಿ! ಕಾರ್ಡುಗಳನ್ನೆಲ್ಲ ಬೋರಲಾಗಿ ಹಾಸಿ ನೋಡಿದರೆ ಆಯಿತು, ಹುಬ್ಬಳ್ಳಿಯ ತಂಡದಲ್ಲಿ ಹುಬ್ಬಳ್ಳಿಯವರೆಷ್ಟು, ಧಾರವಾಡ, ಗದಗು, ಹಾವೇರಿಯವರೆಷ್ಟು ಎಂಬುದನ್ನು ಹನ್ನೊಂದು ವರ್ಷದ ಹುಡುಗ ಎಣಿಸಿ ಹೇಳುತ್ತಾನೆ. ಹೋದ ವರ್ಷದ ಸೆಟ್ಟು ಡಬ್ಬಿಯಲ್ಲಿದ್ದರೆ ಈ ವರ್ಷ ಒಬ್ಬ ಹೆಚ್ಚಾದನೋ ಕಡಿಮೆಯಾದನೋ ಎಂಬುದನ್ನೂ ಹೇಳುತ್ತಾನೆ. ಒಂದು ಕಾರ್ಡಿನ ಹಿಂದೆ ಪಂದ್ಯಗಳ ಪಟ್ಟಿ ಇರಲಿ, ಬಾಲ್ಟಿಮೋರಿನವರು ಹಾಕಿದಂತೆ; ಪ್ರತಿಯೊಂದು ಪಂದ್ಯದ ಎದುರಿಗೂ ಬೇರೆ ಊರಿನ ಹೆಸರೇ ಬರುತ್ತಿದ್ದರೆ ಅದು ರಟ್ಟಿನ ಮೇಲೆ ಶಾಶ್ವತವಾಗಿ ಉಳಿಯಲಿ. ಇಂಥ ಲೆಕ್ಕ ಕೇಳುವ ಹುಡುಗರು ಊರೂರಿಗೆ ನೂರು ಜನ ಹುಟ್ಟಿದರೆ, ತಂಡದ ಮಾಲೀಕರೂ ಕ್ರಿಕೆಟ್ ಸಂಸ್ಥೆಯವರೂ ಉತ್ತರ ಕೊಡಬೇಕಾಗುತ್ತದೆ. ಭಾಷಣ ಮಾಡಿ ಕೇಳುವ ನಮ್ಮಂಥವರಿಗೆ ಅವರು ಉತ್ತರ ಕೊಟ್ಟದ್ದಿಲ್ಲ.

2019ರ ಮಾತನ್ನು ನಾನು ಮುಚ್ಚಿಡುವುದಿಲ್ಲ. ಆ ವರ್ಷದ ಲೀಗಿನ ಸುತ್ತ ಮೋಸದಾಟದ ಆರೋಪಗಳು ಬಂದವು, ಅಂತಿಮ ಪಂದ್ಯದ ಹೆಸರೂ ಅದರಲ್ಲಿ ಸೇರಿತು, ಬಂಧನಗಳಾದವು. ಪ್ರಕರಣ ಹೈಕೋರ್ಟಿಗೆ ಹೋಗಿ, 2022ರ ಜನವರಿಯಲ್ಲಿ, ಇಂಥ ಆಟವನ್ನು ದಂಡ ಸಂಹಿತೆಯ ವಂಚನೆಯ ಕಲಮಿನಡಿ ಅಪರಾಧವೆಂದು ಹಿಡಿಯಲು ಬರುವುದಿಲ್ಲವೆಂದು ತೀರ್ಪಾಯಿತು. ಅಂಥ ಲೀಗಿನ ಪಟಗಳನ್ನು ಮಕ್ಕಳ ಕೈಗೆ ಕೊಡುವುದೇ ಎಂದು ಕೆಲವರು ಕೇಳುತ್ತಾರೆ. ಅಮೆರಿಕೆಯ ಜೋ ಜಾಕ್ಸನ್ 1919ರ ಮೋಸದಾಟದ ಆರೋಪದಿಂದ ಆಟದಿಂದಲೇ ಹೊರಬಿದ್ದ. ಅದಕ್ಕೂ ಮೊದಲು, 1910ರಲ್ಲಿ, ನ್ಯೂ ಆರ್ಲಿಯನ್ಸಿನ ಕಿರಿಯ ಲೀಗಿನ ತಂಡದಲ್ಲಿದ್ದಾಗ ಒಂದು ಸಿಗರೇಟಿನ ಕಂಪನಿ ಅವನ ಕಾರ್ಡು ಹೊರಡಿಸಿತ್ತು. ಅದನ್ನು ಇಟ್ಟುಕೊಂಡವರು ಹರಿದು ಹಾಕಲಿಲ್ಲ. ಹರಿದಿದ್ದರೆ ಆರೋಪದ ಮೋರೆ ಮಾತ್ರ ಉಳಿದು, ಅದರ ಹಿಂದಿನ ಇಪ್ಪತ್ತು ಚಿಲ್ಲರೆ ವರ್ಷದ ಹಳ್ಳಿಯ ಹುಡುಗ ಕಾಣದೆ ಹೋಗುತ್ತಿದ್ದ. ಪೂರ್ತಿ ಸೆಟ್ಟು ಎಂದರೆ ಬೇಡಾದವನನ್ನೂ ಇಟ್ಟುಕೊಳ್ಳುವುದು.

ಖರ್ಚಿನ ನೆವವೊಂದು ಉಳಿದಿದೆ. ರೂಢಿಯ ಕಾರ್ಡು ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದ. ಐದು ಸಾಲು, ಸಾಲಿಗೆ ಐದರಂತೆ ಜೋಡಿಸಿದರೆ ಹನ್ನೆರಡೂವರೆ ಅಂಗುಲಕ್ಕೆ ಹದಿನೇಳೂವರೆ ಅಂಗುಲವಾಯಿತು. ಈಗಿನ ಮುದ್ರಣಾಲಯಗಳಲ್ಲಿ ನಿತ್ಯ ಬಳಸುವ 13ಕ್ಕೆ 19 ಅಂಗುಲದ ಹಾಳೆಯಲ್ಲಿ ಅದು ಸರಿಯಾಗಿ ಕೂಡುತ್ತದೆ. ಅರ್ಥಾತ್ ಒಂದು ಹಾಳೆ, ಎರಡೂ ಬದಿಗೆ ಅಚ್ಚು, ಹನ್ನೆರಡು ಕೊಯ್ತ: ಇಡಿಯ ತಂಡ ಸಿದ್ಧ. ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುವ ಅಚ್ಚುಕೂಟಗಳಿವೆ. ಆಟಗಾರರಿಗೆ ಹರಾಜಿನಲ್ಲಿ ಲಕ್ಷಗಟ್ಟಲೆ ಎಣಿಸುವವರಿಗೆ ಇದು ಚಹದ ಖರ್ಚು. ಕನ್ನಡ ಲಿಪಿಯಲ್ಲಿ ಹೆಸರು ಇರಲಿ, ತಪ್ಪಿಲ್ಲದ ಕನ್ನಡದಲ್ಲಿ. ಮುಚ್ಚಿದ ಪಾಕೀಟು ಬೇಡ. 25ನೆಯ ಕಾರ್ಡು ಹುಬ್ಬಳ್ಳಿಯ ಮೈದಾನಕ್ಕೆ ದಿನಾಲು ನೀರು ಹೊಡೆಯುವವನದಾಗಲಿ. ತಂಡದವರು ಒಲ್ಲೆವೆಂದರೆ ನಮ್ಮ ಭಾಗದ ಯಾವ ದೈನಿಕವಾದರೂ ರವಿವಾರದ ಒಂದು ಪುಟವನ್ನು ಇದಕ್ಕೆ ಕೊಡಬಹುದು. ಸಂಪಾದಕರು ಈ ವಾಕ್ಯವನ್ನು ಹೊಡೆದು ಹಾಕುವುದಿಲ್ಲವೆಂದು ನಂಬಿದ್ದೇನೆ.

ಅಲ್ಲಿಯ ವರೆಗೆ ಅಣ್ಣಿಗೇರಿಯಲ್ಲಿ ನಾವು ಕೈಕಟ್ಟಿ ಕುಳಿತಿಲ್ಲ. ತಂಗಿಯ ಮನೆಯ ಅಟ್ಟದ ಮೇಲೆ ಹಳೆಯ ಲಗ್ನಪತ್ರಿಕೆಗಳ ಒಂದು ಗಂಟು ಇತ್ತು. ಒಳ್ಳೆಯ ದಪ್ಪ ರಟ್ಟಿನವು. ಅಳತೆಪಟ್ಟಿ ಇಟ್ಟು, ಎರಡೂವರೆಗೆ ಮೂರೂವರೆ ಅಂಗುಲದಂತೆ ಕತ್ತರಿಸಿದೆವು. ರದ್ದಿಯ ಅಂಗಡಿಯಿಂದ 2023ರ ಆಗಸ್ಟ್ ತಿಂಗಳಿನ ಪತ್ರಿಕೆಗಳನ್ನು ತೂಕಕ್ಕೆ ತಂದು, ಗೆದ್ದ ತಂಡದವರ ಚಿತ್ರಗಳನ್ನು ಹುಡುಕಿ ಅಂಟಿಸಿದೆವು. ಹಿಂಬದಿಗೆ ಹುಡುಗ ತನ್ನ ದುಂಡನೆಯ ಅಕ್ಷರದಲ್ಲಿ ಹೆಸರು, ಊರು ಬರೆದ. ಊರು ಗೊತ್ತಾಗದ ಕಡೆ ಗೆರೆ ಎಳೆದು ಬಿಟ್ಟ. ಕೆಲವು ಕಾರ್ಡುಗಳ ಅಂಚಿನಲ್ಲಿ ‘ತಮ್ಮ ಆಗಮನವನ್ನು ಬಯಸುವ’ ಎಂಬ ಅಕ್ಷರಗಳು ಇನ್ನೂ ಇಣುಕುತ್ತಿವೆ. ನಾಯಕ ಮನೀಷ ಪಾಂಡೆಯ ಚಿತ್ರ ಏಳು ಸಿಕ್ಕಿತು. ಮೂವರದು ಒಂದೂ ಸಿಗಲಿಲ್ಲ.

ಆ ಮೂರು ರಟ್ಟುಗಳನ್ನು ಎಸೆಯುತ್ತಾನೆಂದು ತಿಳಿದಿದ್ದೆ. ಅವನು ಪೆನ್ಸಿಲಿನಿಂದ ಚೌಕಟ್ಟು ಹಾಕಿ, ಕೆಳಗೆ ಹೆಸರು ಬರೆದು, ಚಿತ್ರದ ಜಾಗ ಖಾಲಿ ಇಟ್ಟು, ಉಳಿದವುಗಳ ಜೊತೆಗೆ ಡಬ್ಬಿಯಲ್ಲಿಟ್ಟ. ಒಂಬತ್ತು ಸಲ ನಗುತ್ತಿದ್ದ ಮಹಾಶಯನಲ್ಲಿ ಎಂಟನ್ನು ಹೊರಗೆ ತೆಗೆದು ಜಾಗ ಮಾಡಿದ.